ಹಸಿರು ಗುಡ್ಲಿನಲ್ಲಿ ಎಸ್ಪೆರಾಂಟೊ

ಹುಡುಗಿ ದೊಡ್ಡವಳಾದರೆ ಶಾಲೆ ಬಿಡಿಸಬೇಕು ಅನ್ನುವುದು ನಮ್ಮ ತೆರಕಣಾಂಬಿಯಲ್ಲಿ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮಳೆ ಬಂದಾಗ ಒಣಗಲು ಹಾಕಿದ ಕಾಳನ್ನು ಒಳಗೆ ತರುತ್ತಾರಲ್ಲ, ಹಾಗೆ ಒಳಗೆ ತರುತ್ತಿದ್ದರು. ನನ್ನ ಅಕ್ಕನನ್ನು ಹಾಗೇ ತಂದರು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಅವಳು ಬಾಗಿಲ ಹತ್ತಿರ ಬಂದು ನಿಲ್ಲುವುದು, ಅಜ್ಜಿ "ಅಲ್ಲೇನ್ ಮಾಡೀಯಮ್ಮಿ, ಬಾ ಒಳೀಕೆ" ಅಂದಾಗ ಒಳಗೆ ಹೋಗುವುದು, ಇದನ್ನು ನಾನು ದಿನಾ ನೋಡಿದ್ದೇನೆ. ವರ್ಷ ಕಳೆಯುವುದರೊಳಗೆ ಅವಳನ್ನು ಗುಂಡ್ಲುಪೇಟೆಗೆ ಕೊಟ್ಟು ಮದುವೆ ಮಾಡಿದರು. ಮುಂದಿನ ಸರದಿ ನನ್ನದು ಎಂದು ನನಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು. ಆದರೆ ಅಕ್ಕನ ಕಾಲದಲ್ಲಿ ನಮ್ಮ ಶಾಲೆಗೆ ಎಸ್ಪೆರಾಂಟೊ ಬಂದಿರಲಿಲ್ಲ. ನನ್ನ ಕಾಲಕ್ಕೆ ಬಂದಿತ್ತು.

ಕನ್ನಡದ ಜಿಲ್ಲೆಗಳೆಲ್ಲ ಇನ್ನೂ ಒಂದಾಗಿರದ, ಹಳೆಯ ಮೈಸೂರು ರಾಜ್ಯದ ದಿನಗಳು ಅವು. ಹೊಲದಲ್ಲಿ ಅರಿಶಿನದ ಗಿಡ ಸೊಂಟದ ಮಟ್ಟಕ್ಕೆ ಬಂದಿದ್ದ ಹೊತ್ತಿನಲ್ಲಿ ನಮ್ಮ ಮಿಡ್ಲ್ ಸ್ಕೂಲಿಗೆ ಮೈಸೂರಿನಿಂದ ಹೊಸ ಮೇಷ್ಟ್ರು ಬಂದರು. ಸಣಕಲು ಮನುಷ್ಯ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಓದುವಾಗ ಅಂಚೆಯ ಮೂಲಕ ಪಾಠ ತರಿಸಿಕೊಂಡು ಎಸ್ಪೆರಾಂಟೊ ಎಂಬ ಭಾಷೆ ಕಲಿತಿದ್ದರಂತೆ. ಅದನ್ನು ನಮಗೆ ಕಲಿಸುತ್ತೇನೆ ಎಂದು ಹೊರಟರು. ಹೆಡ್ಮೇಷ್ಟ್ರು ಮೂಗು ಮುರಿದರು. ಶಾಲೆ ಬಿಟ್ಟ ಮೇಲೆ, ಹೊರಗೆ, ಹೊಂಗೆಮರದ ಕೆಳಗೆ ಬೇಕಾದರೆ ಮಾಡಿಕೊಳ್ಳಿ ಅಂದರು.

ಆ ಭಾಷೆ ಯಾವ ದೇಶದ್ದೂ ಅಲ್ಲ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದರು. ಪೋಲೆಂಡ್ ಕಡೆಯ ಒಬ್ಬ ಕಣ್ಣಿನ ಡಾಕ್ಟರು ಕೂತು ಕಟ್ಟಿದ್ದು. ಅವರ ಊರಲ್ಲಿ ನಾಲ್ಕು ಥರದ ಜನ ನಾಲ್ಕು ಭಾಷೆ ಆಡಿಕೊಂಡು ದಿನಾ ಹೊಡೆದಾಡುತ್ತಿದ್ದರಂತೆ. ಯಾರ ಮನೆಮಾತೂ ಅಲ್ಲದ ಒಂದು ಭಾಷೆ ಇದ್ದರೆ ಅದರಲ್ಲಿ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂಬುದು ಆ ಡಾಕ್ಟರ ಯೋಚನೆ. ಮನೆಗೆ ಬಂದು ನಾನು ಇದನ್ನು ಹೇಳಿದಾಗ ಅಜ್ಜಿ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ಯಾವೂರ್ ಬಾಸೆ ಅಂದೆ?"

"ಯಾವ ಊರ್ದೂ ಅಲ್ಲ ಅಜ್ಜಿ."

"ಊರೇ ಇಲ್ದಿದ್ ಬಾಸೆ ಕಲ್ತು ಯಾವೂರ್ಗೆ ಓಗೀಯೆ? ಓಗು, ದನಕ್ ನೀರ್ ಮಡಗು."

ದನಕ್ಕೆ ನೀರು ಇಡುತ್ತಾ ಇಡುತ್ತಾ ನಾನು ಪಾಠ ಉರು ಹೊಡೆದೆ. ನೀರು ಆಕ್ವೋ, ಮನೆ ದೋಮೋ, ಶಾಲೆ ಲೆರ್ನೇಯೋ. ಆ ಮಾತುಗಳನ್ನು ಬಾಯಲ್ಲಿ ಆಡಿಸಿಕೊಳ್ಳುವುದೇ ನನಗೊಂದು ಖುಷಿ. ಏಕೆ ಎಂದು ಆಗ ತಿಳಿಯಲಿಲ್ಲ, ಈಗ ತಿಳಿಯುತ್ತದೆ. ಕನ್ನಡದಲ್ಲಿ ನನ್ನನ್ನು ಎಲ್ಲರೂ ಬೈದಿದ್ದರು. ಇಂಗ್ಲಿಷಿನಲ್ಲಿ ಹೆಡ್ಮೇಷ್ಟ್ರು ಬೈದಿದ್ದರು, ಹೊಸದಾಗಿ ಬಂದ ಹಿಂದಿಯಲ್ಲಿ ಹಿಂದಿ ಪಂಡಿತರು ಬೈದಿದ್ದರು. ಸಂತೆಗೆ ಬರುವ ದನದ ವ್ಯಾಪಾರಿಗಳು ದಾರಿಗೆ ಅಡ್ಡ ಬಂದೆನೆಂದು ಮಲಯಾಳದಲ್ಲೂ ತಮಿಳಿನಲ್ಲೂ ಗದರಿದ್ದರು. ಎಸ್ಪೆರಾಂಟೊದಲ್ಲಿ ಮಾತ್ರ ನನ್ನನ್ನು ಅದುವರೆಗೆ ಯಾರೂ ಬೈದಿರಲಿಲ್ಲ. ಹಾಗಾಗಿ ನಾನು ಅದನ್ನು ಎಲ್ಲರಿಗಿಂತ ಬೇಗ ಕಲಿತೆ. ನನ್ನ ಬೆನ್ನಿಗೇ ಪಕ್ಕದ ಬೀದಿಯ ನನ್ನ ಗೆಳತಿ ಕಲಿತಳು. ಹುಡುಗರು ನಮ್ಮಿಬ್ಬರ ಹಿಂದೆ ಉಳಿದರು, ಅದು ಅವರಿಗೆ ಅವಮಾನ, ನಮಗೆ ಹಬ್ಬ.

ಅರಿಶಿನ ಕಿತ್ತು ಬೇಯಿಸುವ ಕಾಲ ಬಂತು. ಊರೆಲ್ಲ ಬೆಂದ ಅರಿಶಿನದ ವಾಸನೆ. ಒಂದು ದಿನ ಮೇಷ್ಟ್ರು ಹೊಂಗೆಮರದ ಕೆಳಗೆ ಕುಣಿಯುವುದೊಂದು ಬಾಕಿ. ಚಾಮರಾಜನಗರದಲ್ಲಿ ಸುತ್ತಿನ ಉಪಾಧ್ಯಾಯರ ಕೂಟ ಇದೆ, ಅಲ್ಲಿ ನಮ್ಮ ಪಾಠ ತೋರಿಸಲು ಒಪ್ಪಿಗೆ ಸಿಕ್ಕಿದೆ, ದೊಡ್ಡವರು ಮೆಚ್ಚಿದರೆ ಬೇರೆ ಶಾಲೆಗಳಲ್ಲೂ ಕಲಿಸಬಹುದು, ಇಲ್ಲದಿದ್ದರೆ ಹೊಂಗೆಮರದ ಕೆಳಗಿನದೂ ನಿಲ್ಲುತ್ತದೆ ಎಂದರು. ಇಬ್ಬರು ಹುಡುಗರು, ನಾನು, ನನ್ನ ಗೆಳತಿ ಹೋಗುವುದೆಂದಾಯಿತು. ಪಾಠದ ಅರ್ಧ ನನ್ನ ಬಾಯಲ್ಲೇ ಇತ್ತು.

ಅದೇ ವಾರ ನಾನು ದೊಡ್ಡವಳಾದೆ.

ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕಬೇಕು. ನನ್ನ ಮಾವ ಹಂಗಳದವನು. ಕಾಡಂಚಿನ ಊರು ಅದು. ಗಾಡಿ ತುಂಬ ಹಸಿ ಸೊಪ್ಪು, ಗಳು ಹೇರಿಕೊಂಡು ನಗುನಗುತ್ತಾ ಬಂದ. ಮನೆಯ ಪಕ್ಕದ ಅಂಗಳದಲ್ಲಿ ಗುಡ್ಲು ಎದ್ದಿತು. ಒಳಗೆ ಚಾಪೆ, ತಲೆದೆಸೆಗೆ ಒಂದು ಕಬ್ಬಿಣದ ಚೂರು, ತಿನ್ನಲು ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ. ಗಂಡಸರು ನನ್ನ ಮುಖ ನೋಡುವಂತಿಲ್ಲ. ನನ್ನನ್ನು ಮುಟ್ಟಿದ ಹೆಂಗಸು ತಲೆಗೆ ನೀರು ಹಾಕಿಕೊಳ್ಳಬೇಕು. ಹುಡುಗಿಯನ್ನು ಹೊರಗೆ ಕರೆಯುವ ಒಸಗೆಯ ದಿನ ಗುಡ್ಲಿನ ಬಾಗಿಲಿಗೆ ಅಡ್ಡವಾಗಿ ಒನಕೆ ಇಡುತ್ತಾರೆ. ಹುಡುಗಿ ತಾನಾಗಿ ಬಲಗಾಲಿಟ್ಟು ಅದನ್ನು ದಾಟಿ ಹೊರಗೆ ಬರಬೇಕು. ಆಮೇಲೆ ಮಾವ ಗುಡ್ಲಿಗೆ ಬೆಂಕಿ ಇಡುತ್ತಾನೆ, ಅದು ಉರಿದ ಮೇಲೆ ಅವಳಿಗೆ ನೀರು ಹುಯ್ದು ಆರತಿ ಮಾಡುತ್ತಾರೆ, ಅದಾದ ಮೇಲೆ ನೆಂಟರಿಗೆ ಊಟ. ನಮ್ಮ ಮನೆತನದಲ್ಲಿ ಇದು ಹಿಂದುಮುಂದಾಗುವಂತಿರಲಿಲ್ಲ.

ಗುಡ್ಲಿನಲ್ಲಿ ಇರುವಷ್ಟು ದಿನ ನನಗೇನೂ ಬೇಸರವಿರಲಿಲ್ಲ, ನಿಜ ಹೇಳುತ್ತೇನೆ. ಕೆಲಸವಿಲ್ಲ, ಬೈಗುಳವಿಲ್ಲ. ಸಂಜೆ ಹೆಂಗಸರು ಬಂದು ಸೋಬಾನೆ ಹಾಡಿ ಹೋಗುತ್ತಿದ್ದರು. ಗೆಳತಿ ಬಂದು ಸೊಪ್ಪಿನ ಗೋಡೆಯ ಆಚೆ ಕೂತು ನನ್ನ ಜೊತೆ ಪಾಠ ಒಪ್ಪಿಸುತ್ತಿದ್ದಳು. ಆಚೆಯಿಂದ ಅವಳು "ಕೀಯೋ ಎಸ್ತಾಸ್ ತೀಯೋ?" ಅಂತ, ಅಂದರೆ ಅದು ಏನು ಅಂತ ಕೇಳಿದರೆ ಈಚೆಯಿಂದ ನಾನು ಏನನ್ನಾದರೂ ಹೆಸರಿಸಬೇಕು. ಚಾಮರಾಜನಗರದ ಕೂಟ ಒಸಗೆ ಆದ ಮೇಲಿತ್ತು. ಹೋಗಿಯೇ ಹೋಗುತ್ತೇನೆ ಎಂದುಕೊಂಡಿದ್ದೆ.

ಒಸಗೆಯ ಹಿಂದಿನ ದಿನ ಮಾವ ಮತ್ತು ಅಪ್ಪ ಗುಡ್ಲಿನ ಹಿಂದೆಯೇ ಎಲೆಅಡಿಕೆ ಹಾಕಿಕೊಂಡು ಕೂತರು. ಸೊಪ್ಪಿನ ಗೋಡೆಗೆ ಕಿವಿ ಇಲ್ಲ ಎಂದುಕೊಂಡರೋ ಏನೋ.

"ಇನ್ನೇನ್ ಬಾವ, ಇಸ್ಕೂಲ್ ಬುಡ್ಸು. ಮುಂದಿನ್ ವರ್ಸ ನಮ್ ದೊಡ್ಡೈದಂಗೇ ಮಾಡ್ಕೊಳನ" ಅಂದ ಮಾವ. ದೊಡ್ಡೈದ ಅಂದರೆ ಅವನ ಹಿರಿಮಗ.

"ಮಾಡ್ಕೊಳನ ಬುಡು. ಅದ್ರಲ್ಲೇನದೆ" ಅಂದ ಅಪ್ಪ.

ಅದರಲ್ಲೇನಿದೆ! ನನ್ನ ಬಾಳೆಲ್ಲ ಅದರಲ್ಲಿತ್ತು. ನನಗೆ ಮೈ ಉರಿದುಹೋಯಿತು. ಅಪ್ಪ ಕೆಟ್ಟವನಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲ ಸುತ್ತಿಸಿದವನು. ಅಂಥವನು ಎಲೆಗೆ ಸುಣ್ಣ ಸವರುತ್ತಾ ಈ ಮಾತು ಆಡಿಬಿಟ್ಟ.

ಮಾರನೆಯ ದಿನ ಅಂಗಳದ ತುಂಬ ನೆಂಟರು. ಅಕ್ಕ ಗುಂಡ್ಲುಪೇಟೆಯಿಂದ ಗಂಡನ ಮನೆಯವರ ಜೊತೆ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಅಜ್ಜಿ ಒನಕೆ ಇಟ್ಟು, "ಬಾ ಕಣಮ್ಮಿ, ಬಲಗಾಲ್ ಮಡಗು" ಅಂದಳು.

"ನಾ ಬರಲ್ಲ" ಅಂದೆ.

ನಾಚಿಕೆ ಎಂದುಕೊಂಡು ಹೆಂಗಸರು ನಕ್ಕರು. ನಾನು ಮತ್ತೆ, ಶಾಲೆ ಬಿಡಿಸಲ್ಲ ಅಂತ ಅಪ್ಪ ಹೇಳುವವರೆಗೂ ಬರಲ್ಲ ಎಂದೆ. ನಗು ನಿಂತಿತು. ಆಮೇಲೆ ಶುರುವಾಯಿತು ನೋಡಿ. ಅವ್ವ ಗೋಗರೆದಳು, ಮಾವನ ಹೆಂಡತಿ ಅತ್ತೆ ಚುಚ್ಚಿದಳು, ಅಜ್ಜಿ ನನ್ನ ಹುಟ್ಟಿನಿಂದ ಹಿಡಿದು ಬೈದಳು. ನಾನು ಒಂದು ಮಾತು ಆಡಿದರೆ ಹತ್ತು ಮಾತು ಎದುರು ಬರುತ್ತಿತ್ತು. ಕನ್ನಡದಲ್ಲಿ ನಾನು ಅವರಿಗೆ ಯಾವ ಸಾಟಿ? ಕಣ್ಣಲ್ಲಿ ನೀರು ಬರುವ ಹಾಗಾಯಿತು. ಅತ್ತರೆ ಮುಗಿಯಿತು, ಸೋತೆ ಎಂದು ಗೊತ್ತಿತ್ತು. ಎಳೆದು ತರುವ ಹಾಗೂ ಇರಲಿಲ್ಲ, ಹುಡುಗಿಯನ್ನು ಗುಡ್ಲಿನಿಂದ ಎಳೆದರೆ ಮನೆಗೆ ಕೇಡು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವಳು ಅಜ್ಜಿಯೇ. ಹಾಗಾಗಿ ಅವರ ಹತ್ತಿರ ಇದ್ದದ್ದು ಬರೀ ಮಾತು. ಆ ಮಾತಿನಿಂದ ತಪ್ಪಿಸಿಕೊಂಡರೆ ನಾನು ಉಳಿದೆ.

"ಮಿ ನೆ ವೋಲಾಸ್" ಅಂದೆ.

ಮತ್ತೆ ಗಟ್ಟಿಯಾಗಿ, "ಮಿ ನೆ ವೋಲಾಸ್!"

"ಅಯ್ಯೋ, ಗಾಳಿ ಮೆಟ್ಕೊಂಡದೆ ಕಣ್ರವ್ವ!" ಎಂದಳು ಅತ್ತೆ. "ಅಂಗಳದಲ್ ಒಂಟಿಯಾಗಿದ್ದೋಳು. ಬಾಯಲ್ ಏನೋ ಬತ್ತಾದೆ!"

ಇಬ್ಬರು ಹೆಂಗಸರು ಹಿಂದೆ ಸರಿದರು. ಯಾರೋ ಬೇವಿನ ಸೊಪ್ಪು ತನ್ನಿ ಅಂದರು. ಗೆಳತಿ ತನ್ನ ಅವ್ವನ ಸೆರಗಿನ ಹಿಂದೆ ನಿಂತಿದ್ದಳು. ಅವಳು ಧೈರ್ಯದ ಹುಡುಗಿಯಲ್ಲ. ಆದರೆ ಬೇವಿನ ಸೊಪ್ಪು ಅಂದ ಕೂಡಲೇ ಮುಂದೆ ಬಂದಳು, ಏಕೆಂದರೆ ಅದರಲ್ಲಿ ಹೊಡೆಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

"ಗಾಳಿಯಲ್ಲ ಅಜ್ಜಿ. ಅದು ಮೇಷ್ಟ್ರು ಯೇಳ್ಕೊಟ್ಟಿರೋ ಬಾಸೆ. ನಂಗಿಷ್ಟ ಇಲ್ಲ ಅಂತಾವ್ಳೆ."

"ಮಿ ವೋಲಾಸ್ ಈರಿ ಅಲ್ ಲಾ ಲೆರ್ನೇಯೋ" ಅಂದೆ.

"ಇಸ್ಕೂಲ್ಗೆ ಓಗ್ಬೇಕಂತೆ."

"ಅದ ಕನ್ನಡದಲ್ ಯೇಳಕ್ ಏನ್ ಬಂದದೆ ಇವ್ಳಿಗೆ?" ಎಂದು ಅಜ್ಜಿ ಗುಡುಗಿದಳು.

"ಕನ್ನಡದಲ್ ಯೇಳುದ್ಲು ಅಜ್ಜಿ, ನೀವ್ ಕೇಳ್ನಿಲ್ಲ" ಅಂದಳು ಗೆಳತಿ. ಅದನ್ನು ನಾನು ಹೇಳಿರಲಿಲ್ಲ, ಅವಳೇ ಸೇರಿಸಿದ್ದು. ಅವತ್ತಿನಿಂದ ಅವಳನ್ನು ಪುಕ್ಕಲಿ ಎಂದು ಕರೆಯುವುದನ್ನು ಬಿಟ್ಟೆ.

ಅಜ್ಜಿ ಬೈದಳು, ನಾನು "ನೇ" ಅಂದೆ. ಅವ್ವ ಬೇಡಿಕೊಂಡಳು, ನಾನು "ನೇ" ಅಂದೆ. ನೇ ಅಂದರೆ ಇಲ್ಲ. ಗೆಳತಿ ಪ್ರತಿ ಸಲವೂ "ಇಲ್ವಂತೆ" ಎಂದು ಹೇಳುತ್ತಾ ಹೋದಳು. ಅನ್ನ ಆರುತ್ತಿತ್ತು, ಹಾಸಿದ ಎಲೆಗಳು ಬಿಸಿಲಿಗೆ ಮುರುಟುತ್ತಿದ್ದವು, ಮಾವ ಕೈಯಲ್ಲಿ ಪಂಜು ಹಿಡಿದುಕೊಂಡು ಅಂಗಳದ ತುದಿಯಲ್ಲಿ ಆ ಕಾಲಿನಿಂದ ಈ ಕಾಲಿಗೆ ಭಾರ ಹಾಕುತ್ತಾ ನಿಂತಿದ್ದ. ನೆಂಟರಲ್ಲಿ ಕೆಲವರು ಬೈದರು, ಕೆಲವರಿಗೆ ತಮಾಷೆ. ಕಡೆಗೆ ಅಜ್ಜಿ, ಈ ಬೆಂಕಿ ಹಚ್ಚಿದ ಮೇಷ್ಟ್ರನ್ನೇ ಕರೆಸಿ, ಅವನೇ ಇವಳನ್ನು ಹೊರಗೆ ತರಲಿ ಅಂದಳು.

ಮೇಷ್ಟ್ರು ಬಂದರು. ಗಂಡಸು ನನ್ನ ಮುಖ ನೋಡುವ ಹಾಗಿಲ್ಲವಲ್ಲ, ಗುಡ್ಲಿಗೆ ಬೆನ್ನು ಮಾಡಿ ನಿಲ್ಲಿಸಿದರು. ಸೊಪ್ಪಿನ ಸಂದಿಯಲ್ಲಿ ನನಗೆ ಅವರ ಬೆನ್ನು ಕಾಣುತ್ತಿತ್ತು. ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಪಾಪ. ಊರವರ ಕೈಯಲ್ಲಿ ಒದೆ ಬೀಳುತ್ತದೆ ಎಂದುಕೊಂಡಿದ್ದರೋ ಏನೋ. "ವೇನು" ಅಂದರು. ಬಾ ಅಂತ. "ಮಿ ಪೇತಾಸ್, ವೇನು." ದಯವಿಟ್ಟು ಬಾ.

ಅವರೂ! ನನ್ನ ಕಡೆ ನಿಲ್ಲುತ್ತಾರೆ ಎಂದುಕೊಂಡಿದ್ದವಳು ನಾನು. ನನಗೆ ಅವರ ಮೇಲೆ ಬಂದ ಸಿಟ್ಟು ಅಜ್ಜಿಯ ಮೇಲೂ ಬಂದಿರಲಿಲ್ಲ.

"ನೇ!"

ಮೇಷ್ಟ್ರು ಮೆಲ್ಲಗೆ, "ಕೀಯಾಲ್?" ಎಂದರು.

ಕೀಯಾಲ್ ಅಂದರೆ ಯಾಕೆ. ಅಷ್ಟು ಹೊತ್ತಿನಿಂದ ಅಷ್ಟು ಜನ ಅಷ್ಟು ಮಾತಾಡಿದ್ದರಲ್ಲ, ಯಾಕೆ ಅಂತ ಒಬ್ಬರೂ ಕೇಳಿರಲಿಲ್ಲ. ಪಾಠದಲ್ಲಿ ಕಲಿತ ಮಾತುಗಳಲ್ಲಿ ಯಾವುದು ಇದಕ್ಕೆ ಒದಗುತ್ತದೆ ಎಂದು ಹುಡುಕಿ ಹುಡುಕಿ ಜೋಡಿಸಿದೆ.

"ಮಿಯಾ ಫ್ರಾತೀನೋ ಪ್ಲೋರಿಸ್. ಮಿ ನೆ ವೋಲಾಸ್ ಪ್ಲೋರಿ."

ಗೆಳತಿ ಹೇಳಲು ಹಿಂದೆ ಮುಂದೆ ನೋಡಿದಳು. "ಏನಂತೆ?" ಎಂದ ಅಪ್ಪ. ಅವತ್ತು ಅವನು ಆಡಿದ ಮೊದಲ ಮಾತು ಅದು.

"ಅವಳಕ್ಕ ಅತ್ಲಂತೆ" ಅಂದಳು ಗೆಳತಿ. "ತಾನು ಅಳಾಕಿಲ್ವಂತೆ."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ಗಂಡನ ಮನೆಯವರ ಎದುರಿಗೆ ಅವಳು ಬಾಯಿ ಬಿಡುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

"ದಿಟ ಕಣಪ್ಪ" ಅಂದಳು. "ಅತ್ತಿದ್ದೆ."

ಅಪ್ಪ ಟವಲ್ಲಿನಲ್ಲಿ ಮುಖ ಒರೆಸಿಕೊಂಡ. ಎದ್ದು ಗುಡ್ಲಿನ ಹತ್ತಿರ ಬಂದು, ಪದ್ಧತಿಯಂತೆ ಅವನೂ ಬೆನ್ನು ಮಾಡಿ ನಿಂತ. ನೆಂಟರ ಎದುರಿಗೆ ಮಗಳಿಗೆ ಸೋತೆ ಅನ್ನುವುದು ಅವನಿಂದ ಆಗದ ಕೆಲಸ. ಅದಕ್ಕೆ ಒಂದು ಕರಾರು ಹಾಕಿದ.

"ಚಾಮ್ರಾಜನಗರುಕ್ ನಾನೇ ಕರ್ಕೊಂಡೋಯ್ತೀನಿ. ಅಲ್ಲಿ ಓದ್ದೋರು ದೊಡ್ಡೋರು ಇರ್ತಾರೆ. ಈ ಬಾಸೆ ಮಕ್ಕಳಿಗೆ ಬೇಕು ಅಂತ ಅವ್ರಂದ್ರೆ ನೀನು ಇಸ್ಕೂಲ್ಗೋಗು. ಬ್ಯಾಡ ಅಂದ್ರೆ ನಿಮ್ ಮಾವ ಯೇಳ್ದಂಗೆ ಕೇಳು. ಆಯ್ತಾ?"

ನಾನು ಗೆಲ್ಲುತ್ತೇನೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಒನಕೆ ದಾಟಿ ಹೊರಗೆ ಬಂದೆ. ಬಲಗಾಲೋ ಎಡಗಾಲೋ ನೆನಪಿಲ್ಲ. ಮಾವ ಗುಡ್ಲಿಗೆ ಬೆಂಕಿ ಇಟ್ಟ, ಹಸಿ ಸೊಪ್ಪು ಸುಲಭಕ್ಕೆ ಹತ್ತಿಕೊಳ್ಳಲಿಲ್ಲ, ಊರೆಲ್ಲ ಹೊಗೆ ತುಂಬಿತು.

ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋದೆವು. ಅಪ್ಪ ಮದುವೆಗೆ ಹೋಗುವವನ ಹಾಗೆ ರುಮಾಲು ಸುತ್ತಿಕೊಂಡಿದ್ದ. ಕೂಟ ನಡೆದದ್ದು ಒಂದು ದೊಡ್ಡ ಶಾಲೆಯ ಹಜಾರದಲ್ಲಿ. ಮುಂದೆ ಕುರ್ಚಿಗಳಲ್ಲಿ ಕೋಟು ಹಾಕಿದವರು, ಹಿಂದೆ ಬೆಂಚುಗಳಲ್ಲಿ ಮೇಷ್ಟ್ರುಗಳು, ಎಲ್ಲಕ್ಕಿಂತ ಹಿಂದೆ ಬಾಗಿಲ ಹತ್ತಿರ ನೆಲದ ಮೇಲೆ ಅಪ್ಪ. ಬೆಂಚಿನ ಮೇಲೆ ಕೂರಿ ಎಂದು ಯಾರೋ ಹೇಳಿದರೂ ಕೂರಲಿಲ್ಲ.

ನಾವು ಚೆನ್ನಾಗಿಯೇ ಮಾಡಿದೆವು. ಇಷ್ಟು ವಯಸ್ಸಾದ ಮೇಲೆ ವಿನಯದ ನಾಟಕ ಯಾಕೆ, ಬಹಳ ಚೆನ್ನಾಗಿ ಮಾಡಿದೆವು. ಮೇಷ್ಟ್ರು ಅರಿಶಿನದ ಕೊಂಬು ತೋರಿಸಿದರು, ರೇಷ್ಮೆಗೂಡು ತೋರಿಸಿದರು, ಕೇಳಿದ್ದಕ್ಕೆಲ್ಲ ನಾವು ಪಟಪಟ ಉತ್ತರ ಕೊಟ್ಟೆವು. ಹುಡುಗರೂ ಎಲ್ಲಿಯೂ ತಪ್ಪಲಿಲ್ಲ. ಹಿಂದಿನ ಬೆಂಚುಗಳಿಂದ ಚಪ್ಪಾಳೆ ಬಂತು. ಮುಂದಿನ ಕುರ್ಚಿಗಳಲ್ಲಿ ಒಬ್ಬರು ಆಕಳಿಸಿದರು.

ಅಧ್ಯಕ್ಷರು ಎದ್ದು ನಿಂತು, ಮಕ್ಕಳು ಮುದ್ದಾಗಿ ಹೇಳಿದರು ಎಂದರು. ಮೇಷ್ಟ್ರ ಉತ್ಸಾಹ ದೊಡ್ಡದು ಎಂದರು. ಆದರೆ ಹಿಂದಿ ಹೊಸದಾಗಿ ಬಂದಿದೆ, ಇಂಗ್ಲಿಷ್ ಹೋಗಿಲ್ಲ, ಕನ್ನಡವನ್ನೇ ಮಕ್ಕಳು ನೆಟ್ಟಗೆ ಬರೆಯುವುದಿಲ್ಲ, ಇದರ ನಡುವೆ ಹಳ್ಳಿಯ ಮಕ್ಕಳ ತಲೆಯ ಮೇಲೆ ಇನ್ನೊಂದು ಮೂಟೆ ಹೊರಿಸುವುದು ಬೇಡ, ತೆರಕಣಾಂಬಿಯಲ್ಲೂ ಇದನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು ಎಂದರು. ನಮ್ಮ ಹೆಡ್ಮೇಷ್ಟ್ರು ತಲೆಯಾಡಿಸಿದರು. ನಮ್ಮ ಮೇಷ್ಟ್ರು ಕೈಯಲ್ಲಿದ್ದ ರೇಷ್ಮೆಗೂಡನ್ನು ನೋಡುತ್ತಾ ನಿಂತರು.

ಆಯಿತಲ್ಲ. ಬೇಡ ಅಂದರು. ಕರಾರಿನ ಪ್ರಕಾರ ನಾನು ಸೋತೆ. ಅವರಿಗೆ ಅದು ಆ ದಿನದ ಹತ್ತು ವಿಷಯಗಳಲ್ಲಿ ಒಂದು, ಕಾಫಿಗೆ ಮುಂಚೆ ಮುಗಿಸಬೇಕಾದದ್ದು. ನನಗೆ ಹಂಗಳ ಕಣ್ಣೆದುರಿಗೆ ಬಂತು, ಮಾವನ ಮನೆಯ ಬಾಗಿಲು ಕಾಣಿಸಿತು, ಆ ಬಾಗಿಲಲ್ಲಿ ನಾನು ನಿಂತಿದ್ದೆ. ಅಳು ಬರಲಿಲ್ಲ. ಸಿಟ್ಟು ಬಂತು, ಕಿವಿ ಬಿಸಿಯಾಗುವಷ್ಟು.

ಮಕ್ಕಳನ್ನು ಬರಿಗೈಯಲ್ಲಿ ಕಳಿಸಬಾರದು ಎಂದೋ ಏನೋ, ಅಧ್ಯಕ್ಷರು ನನ್ನ ಕಡೆ ಬಗ್ಗಿ ನಕ್ಕರು. "ಏನಮ್ಮ, ನೀನು ಬಲು ಚುರುಕು. ಹೀಗೆ ಪಾಠ ಒಪ್ಪಿಸೋದು ಬಿಟ್ಟು, ಈ ಭಾಷೇಲಿ ಯಾವತ್ತಾದರೂ ಯಾರ ಹತ್ತಿರಾದರೂ ನಿಜವಾಗಿ ಮಾತಾಡಿದೀಯಾ?"

"ಊಂ ಸಾರ್. ಜಗಳ ಆಡಿದೀನಿ."

ಹಜಾರದಲ್ಲಿ ನಗು ಎದ್ದಿತು. "ಜಗಳವೇ? ಯಾರ ಹತ್ತಿರ?"

"ನಮ್ಮಜ್ಜಿ ಹತ್ರ, ಅವ್ವನ ಹತ್ರ, ಮಾವನ ಹತ್ರ. ಈ ಮೇಷ್ಟ್ರ ಹತ್ರಾನೂ. ನಮ್ಮಪ್ಪನ ಹತ್ರಾನೂ."

"ಅವರಿಗೆಲ್ಲ ಅರ್ಥ ಆಯ್ತೇನು?"

"ಆಯ್ತು."

"ಯಾತಕ್ಕೆ ಜಗಳ?"

"ನನ್ನ ಶಾಲೆ ಬಿಡಿಸ್ತೀನಿ ಅಂದ್ರು. ಬಿಡಲ್ಲ ಅಂದೆ."

ಈ ಸಲ ನಗು ಅಷ್ಟು ಬರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದರು. "ಗೆದ್ದೆಯಾ?"

ಅಷ್ಟೂ ಜನರ ತಲೆಗಳ ಮೇಲಿಂದ ನಾನು ಹಜಾರದ ಹಿಂದಕ್ಕೆ ನೋಡಿದೆ. ಬೇಡಿಕೊಳ್ಳುವ ಹಾಗೆ ನೋಡಲಿಲ್ಲ, ಗುಡ್ಲಿನೊಳಗಿಂದ ನೋಡಿದ ಹಾಗೆಯೇ ನೋಡಿದೆ. ನಾನು ನೋಡಿದ ಕಡೆಗೆ ಕುರ್ಚಿಗಳೂ ಬೆಂಚುಗಳೂ ತಿರುಗಿದವು.

ಅಪ್ಪ ನೆಲದಿಂದ ಎದ್ದ. ಪಂಚೆ ಕೊಡವಿಕೊಂಡ. ಕೋಟಿನವರಿಗೆಲ್ಲ ಒಟ್ಟಾಗಿ ಒಂದು ಸಲ ಕೈಮುಗಿದ. ಆಮೇಲೆ ಅವರನ್ನು ಬಿಟ್ಟು ನನ್ನೊಬ್ಬಳಿಗೇ, ಹೊಲದ ಆ ಬದಿಯಿಂದ ಈ ಬದಿಗೆ ಕೂಗುವವನ ಹಾಗೆ ಹೇಳಿದ.

"ಬಸ್ ಒಂಟೋಯ್ತದೆ, ಬಿರ್ನೆ ಬಾ ಅಮ್ಮಿ. ನಾಳೀಕೆ ಇಸ್ಕೂಲದೆ."